ಕೊಕ್ಕಡದ ಸೊನ್ನೆ

ಕಳೆದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಾನು ಕೂತಿದ್ದ ಬೆಳ್ತಂಗಡಿ ಬಸ್ಸು ಪುಂಜಾಲಕಟ್ಟೆಯಲ್ಲಿ ನಿಂತು ಎಂಜಿನ್ ಆರಿಸಿತು. ಸದ್ದು ನಿಂತ ಮೇಲೆಯೇ ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದು. ಹತ್ತಿರದ ಯಾವುದೋ ಗುಡ್ಡೆಯಲ್ಲಿ ಬೀಜ ಕಿತ್ತುಕೊಂಡು ಎಸೆದ ಗೇರುಹಣ್ಣುಗಳು ರಾಶಿಬಿದ್ದು ಕೊಳೆಯುತ್ತಿದ್ದವು. ಸಿಹಿ, ಹುಳಿ, ಜೊತೆಗೆ ತುಸು ಅಮಲು. ಬಿಸಿಲು ರಸ್ತೆಯ ಮೇಲೆ ಕದಲದೆ ನಿಂತಿತ್ತು. ಅಂಗಡಿಗಳ ಮುಂದೆ ಯಾರೂ ಇರಲಿಲ್ಲ. ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದರು. ನಾನು ಮಾತ್ರ ಕಣ್ಣು ಮುಚ್ಚಿಕೊಂಡು, ಕೆಲವು ವರ್ಷಗಳ ಹಿಂದಿನ ಒಂದು ಬೇಸಗೆಯೊಳಗೆ ಇಳಿದುಹೋದೆ. ಆ ವರ್ಷ ಡಿಸೆಂಬರಿನಿಂದ ಏಪ್ರಿಲ್ ತಿಂಗಳವರೆಗೆ ಒಂಬತ್ತು ಶಾಲೆಗಳ ಮಕ್ಕಳು ನೆರಳು ಅಳೆಯುತ್ತಿದ್ದರು. ಅವರಿಗಾಗಿ ವೆಬ್‌ಸೈಟ್ ಮಾಡಿಕೊಟ್ಟವಳು ನಾನು.

ಆಗ ನಾನು ಮೂಡುಬಿದಿರೆಯ ಒಂದು ಸಣ್ಣ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದೆ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಯಕ್ಷಗಾನದ ಕರಪತ್ರ, ಇವುಗಳ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಸುತ್ತ ಬಳ್ಳಿಯ ಅಂಚು ಕೂರಿಸುವುದು ನನ್ನ ಕೆಲಸ. ಸಂಜೆಯ ತರಗತಿಗೆ ಹೋಗಿ ವೆಬ್‌ಸೈಟ್ ಮಾಡಲು ಕಲಿತಿದ್ದೆ. ಮಾಡಿಸುವವರು ಯಾರೂ ಸಿಕ್ಕಿರಲಿಲ್ಲ. ಹೀಗಿರುವಾಗ ನವೆಂಬರಿನ ಒಂದು ದಿನ ಪುಂಜಾಲಕಟ್ಟೆಯ ನಾರಾಯಣ ಮಾಸ್ಟ್ರು ಮೊಮ್ಮಗಳ ಮದುವೆ ಕಾಗದ ಮಾಡಿಸಲು ಬಂದರು. ವಿಜ್ಞಾನದ ಮೇಷ್ಟ್ರಾಗಿ ನಿವೃತ್ತರಾದವರು. ಎಪ್ಪತ್ತು ದಾಟಿತ್ತು. ಕರಡು ಪ್ರತಿಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿದ ಮೇಲೆ ನನ್ನ ಪರದೆಯನ್ನೇ ನೋಡುತ್ತ ಕೇಳಿದರು.

"ನಿನಗೆ ಈ ಇಂಟರ್ನೆಟ್ಟಿನದ್ದು ಮಾಡ್ಲಿಕ್ಕೆ ಬರ್ತದಾ ಮಾರಾಯ್ತಿ?"

"ಬರ್ತದೆ ಮಾಸ್ಟ್ರೇ. ಎಂತ ಆಗ್ಬೇಕು?"

"ನೆರಳು ಹಾಕ್ಲಿಕ್ಕೆ ಒಂದು ಜಾಗ ಬೇಕು."

ಅವರು ವಿವರಿಸಿದ್ದು ಇಷ್ಟು. ಪ್ರತಿ ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಬೇಕು. ಪ್ರತಿ ಬುಧವಾರ ಮಧ್ಯಾಹ್ನ ಹನ್ನೆರಡೂವರೆಯ ಆಸುಪಾಸಿನಲ್ಲಿ, ನೆರಳು ಅತಿ ಗಿಡ್ಡವಾಗುವ ಹೊತ್ತಿಗೆ, ಮಕ್ಕಳು ಅದನ್ನು ಅಳೆಯಬೇಕು. ಡಿಸೆಂಬರಿನಲ್ಲಿ ಮುಕ್ಕಾಲು ಮೀಟರಿನಷ್ಟು ಇರುವ ನೆರಳು ವಾರ ವಾರವೂ ಕುಗ್ಗುತ್ತ ಬರುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬಂದು, ಕೋಲಿಗೆ ನೆರಳೇ ಇಲ್ಲದಾಗುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಒಂಬತ್ತು ಶಾಲೆಗಳು ಒಪ್ಪಿದ್ದವು.

"ಒಂದು ಶಾಲೆಯವರು ಅಳೆದ್ರೆ ಅವರ ಅಂಗಳದ ಸಂಗತಿ ಮಾತ್ರ ಗೊತ್ತಾಗುದು," ಎಂದರು ಮಾಸ್ಟ್ರು. "ಎಲ್ಲರದ್ದೂ ಎಲ್ಲರಿಗೂ ಕಾಣ್ಬೇಕು. ಹಾಗೆ ಮಾಡು."

ನಾನು ಹಗಲುಗನಸಿನಲ್ಲಿ ತೇಲುವವಳ ಹಾಗೆ ಆ ವೆಬ್‌ಸೈಟ್ ಮಾಡಿದೆ. ಮೇಲೆ ನಿಧಾನವಾಗಿ ತಿರುಗುವ ಸೂರ್ಯ, ಸುತ್ತ ಮದುವೆ ಕಾಗದದ್ದೇ ಬಳ್ಳಿಯ ಅಂಚು, ಹಿನ್ನೆಲೆಯಲ್ಲಿ ಮೋಡ. ಒಂಬತ್ತು ಶಾಲೆಗಳಿಗೆ ಒಂಬತ್ತು ಬಣ್ಣದ ಗೆರೆಗಳು. ಪುಂಜಾಲಕಟ್ಟೆಗೆ ಹೋಗಿ ಮಾಸ್ಟ್ರ ಫೋನಿನಲ್ಲಿ ತೆರೆದು ತೋರಿಸಿದೆ. ಸೂರ್ಯ ಅರ್ಧ ಮೂಡಿ ನಿಂತ. ಅವರು ತುಂಬ ಹೊತ್ತು ಕಾದರು.

"ಚಂದ ಉಂಟು," ಎಂದರು. "ಆದರೆ ಕೊಕ್ಕಡದ ಹತ್ರದ ಶಾಲೆಯಲ್ಲಿ ಟೀಚರ್ ಗುಡ್ಡೆ ಹತ್ತಿದ್ರೆ ಮಾತ್ರ ಸಿಗ್ನಲ್ ಸಿಗುದು. ಗುಡ್ಡೆ ಮೇಲೆ ನಿಂತು ಈ ಸೂರ್ಯ ಬರುವವರೆಗೆ ಕಾಯುದಾ?"

ಮನೆಗೆ ಬಂದು ಸೂರ್ಯನನ್ನು ತೆಗೆದೆ. ಮೋಡ, ಬಳ್ಳಿಯೂ ಹೋದವು. ಉಳಿದದ್ದು ಬಿಳಿ ಹಾಳೆಯಂಥ ಒಂದು ಪುಟ, ಒಂಬತ್ತು ಗೆರೆಗಳ ಒಂದು ಗ್ರಾಫ್, ಒಂದು ಫಾರ್ಮ್. ಶಾಲೆಯ ಹೆಸರು, ದಿನಾಂಕ, ಅಳೆದವರ ಹೆಸರು, ನೆರಳಿನ ಉದ್ದ. ನಾಲ್ಕನ್ನೂ ತುಂಬದೆ ಕಳಿಸಲು ಹೋದರೆ 'ಖಾಲಿ ಬಿಡುವಂತಿಲ್ಲ' ಎಂದು ಕೆಂಪು ಅಕ್ಷರ ಬರುವಂತೆ ಮಾಡಿದೆ. ಅಷ್ಟು ಶಿಸ್ತಾದರೂ ಇರಲಿ ಎಂಬುದು ನನ್ನ ಲೆಕ್ಕಾಚಾರ. ಶಿಸ್ತಿನ ಬಗ್ಗೆ ನನಗೆ ಆಗ ಬಹಳ ನಂಬಿಕೆ ಇತ್ತು.

ಡಿಸೆಂಬರಿನ ಮೊದಲ ಬುಧವಾರ ಒಂಬತ್ತು ಶಾಲೆಗಳಿಂದಲೂ ಅಂಕಿಗಳು ಬಂದವು. ಮುದ್ರಣಾಲಯದಲ್ಲಿ ಕೂತು ಒಂದೊಂದಾಗಿ ಬಿಂದುಗಳು ಮೂಡುವುದನ್ನು ನೋಡುತ್ತಿದ್ದೆ. ಕಲ್ಲಡ್ಕದ ಹತ್ತಿರದಿಂದ ಒಂದು, ವೇಣೂರಿನ ಕಡೆಯಿಂದ ಒಂದು. ಕೊಕ್ಕಡದ್ದು ಯಾವಾಗಲೂ ಕೊನೆಗೆ, ಗುಡ್ಡೆ ಹತ್ತಿ ಬರಬೇಕಲ್ಲ. ನಾನು ಕಂಡೇ ಇರದ ಅಂಗಳಗಳು, ಕಂಡೇ ಇರದ ಮಕ್ಕಳು ಅಂಗಳದಲ್ಲಿ ಬಗ್ಗಿ ಕೂತು ನೆಲಕ್ಕೆ ಅಳತೆಪಟ್ಟಿ ಹಿಡಿಯುವುದು, ಎಲ್ಲವೂ ಆ ಬಿಂದುಗಳ ಹಿಂದೆ ಮಸುಕಾಗಿ ಕಾಣುತ್ತಿದ್ದವು. ಜನವರಿ ಬಂದಾಗ ಗೆರೆಗಳು ಜೊತೆಜೊತೆಯಾಗಿ ಕೆಳಗಿಳಿಯತೊಡಗಿದವು. ಬೆಳಗಿನ ಮಂಜು, ಮಾವಿನ ಹೂವು, ಮಧ್ಯಾಹ್ನದ ಎಳೆಬಿಸಿಲು. ನನಗೆ ಆ ತಿಂಗಳು ನೆನಪಾಗುವುದು ಅದರ ದಿನಗಳಿಂದಲ್ಲ, ಆ ಗೆರೆಗಳ ಇಳಿಜಾರಿನಿಂದ.

ಫೆಬ್ರವರಿಯ ಮೊದಲ ಬುಧವಾರ ಕೊಕ್ಕಡದಿಂದ ಬಂದ ಅಂಕಿ ಸೊನ್ನೆ.

ಆ ವಾರ ಬೇರೆಯವರೆಲ್ಲರದ್ದೂ ಐವತ್ತೈದು, ಐವತ್ತಾರು ಸೆಂಟಿಮೀಟರ್ ಇತ್ತು. ಕೊಕ್ಕಡದ ಗೆರೆ ಮಾತ್ರ ಬಂಡೆಯಿಂದ ಜಾರಿದ ಹಾಗೆ ನೇರ ತಳಕ್ಕೆ ಬಿದ್ದು ಚಿತ್ರವನ್ನೇ ಕೆಡಿಸಿತು. ಕೈತಪ್ಪಿ ಒತ್ತಿದ್ದಾರೆ ಎಂದುಕೊಂಡೆ. ಕೆಳಗೆ ಅಳೆದವರ ಹೆಸರು ಇತ್ತು: ಮಿಸ್ರಿಯಾ, ಎಂಟನೇ ತರಗತಿ. ನಾನು ಯಾರನ್ನೂ ಕೇಳಲಿಲ್ಲ, ಒಂದು ಫೋನೂ ಮಾಡಲಿಲ್ಲ. ಅಳಿಸಿದೆ. ಅಳಿಸಿದರೆ ಮುಖಪುಟದಲ್ಲಿ ತಾನಾಗಿಯೇ ಒಂದು ಸಾಲು ಬರುವಂತೆ ಮೊದಲೇ ಮಾಡಿಟ್ಟಿದ್ದೆ. 'ಕೊಕ್ಕಡ. ಮಿಸ್ರಿಯಾ. ತಪ್ಪು ದಾಖಲೆ, ತೆಗೆಯಲಾಗಿದೆ.' ಕೆಂಪು ಬಣ್ಣದಲ್ಲಿ, ಒಂಬತ್ತು ಶಾಲೆಗಳಿಗೂ ಕಾಣುವಂತೆ. ಗೆರೆ ಮತ್ತೆ ನುಣುಪಾಯಿತು. ನಾನು ಮದುವೆ ಕಾಗದಗಳಿಗೆ ಮರಳಿದೆ.

ಮುಂದಿನ ಬುಧವಾರ ಕೊಕ್ಕಡದಿಂದ ಏನೂ ಬರಲಿಲ್ಲ. ಅದರ ಮುಂದಿನ ಬುಧವಾರವೂ ಇಲ್ಲ. ನೆಟ್‌ವರ್ಕಿನ ತೊಂದರೆ ಎಂದುಕೊಂಡೆ. ಮೂರನೆಯ ವಾರ ನಾರಾಯಣ ಮಾಸ್ಟ್ರು ಫೋನ್ ಮಾಡಿದರು.

"ಕೊಕ್ಕಡದ್ದು ನಿಂತಿದೆ. ಜೆಸಿಂತಾ ಟೀಚರ್ ಫೋನಿನಲ್ಲಿ ಸರಿಯಾಗಿ ಹೇಳುದಿಲ್ಲ. ಒಮ್ಮೆ ಹೋಗಿ ಬರುವ."

ಭಾನುವಾರವಾದರೆ ಶಾಲೆ ಇರದು ಎಂದು ಶನಿವಾರ ಬೆಳಿಗ್ಗೆ ಹೊರಟೆವು. ನಾನು ಮೂಡುಬಿದಿರೆಯಿಂದ, ಅವರು ಪುಂಜಾಲಕಟ್ಟೆಯಿಂದ, ಗುರುವಾಯನಕೆರೆಯಲ್ಲಿ ಜೊತೆಯಾದೆವು. ಬಸ್ಸು ಬೆಳ್ತಂಗಡಿ ದಾಟಿ, ರಬ್ಬರ್ ತೋಟಗಳ ನಡುವೆ ಹೊಕ್ಕಿತು. ಎಲೆ ಉದುರಿಸಿದ ರಬ್ಬರ್ ಮರಗಳ ಸಾಲು ಸಾಲು ಕಿಟಕಿಯಲ್ಲಿ ಹಿಂದೆ ಸರಿಯುತ್ತಿದ್ದವು. ಅವುಗಳ ತೆಳ್ಳನೆಯ ನೆರಳು ರಸ್ತೆಯ ಮೇಲೆ ಗೆರೆ ಎಳೆದ ಪುಸ್ತಕದ ಹಾಗೆ ಬಿದ್ದಿತ್ತು.

ಜೆಸಿಂತಾ ಟೀಚರ್ ಆ ಶಾಲೆಯ ವಿಜ್ಞಾನದ ಟೀಚರ್. ಮೃದು ಮಾತಿನವರು. ನಮ್ಮನ್ನು ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟರು. ಅಂಗಳದ ಮಧ್ಯೆ ಕೋಲು ನಿಂತೇ ಇತ್ತು. ಸುತ್ತ ಯಾರೂ ಇರಲಿಲ್ಲ.

"ಅವಳು ಅದರ ಹತ್ರ ಹೋಗುದಿಲ್ಲ," ಎಂದರು ಟೀಚರ್. "ಮೊದಲು ಬುಧವಾರ ಬಂತೂಂದ್ರೆ ಊಟಕ್ಕೆ ಸಹ ಬರ್ತಿರ್ಲಿಲ್ಲ. ಈಗ ಕ್ಲಾಸಿನವರು ಅವಳಿಗೆ 'ತಪ್ಪು ದಾಖಲೆ' ಅಂತ ಹೆಸರಿಟ್ಟಿದ್ದಾರೆ. ನಾನು ಬೈದೆ. ನಿಲ್ಲಿಸ್ಲಿಲ್ಲ."

ಆ ಎರಡು ಪದಗಳನ್ನು ಟೈಪ್ ಮಾಡಿದ್ದು ನಾನು. ಎರಡೂ ಪದಗಳ ಕಾಗುಣಿತ ಸರಿಯಾಗಿದೆಯೇ ಎಂದು ನೋಡಿದ್ದೆ. ಅಷ್ಟನ್ನು ಮಾತ್ರ ನೋಡಿದ್ದೆ.

ಮಿಸ್ರಿಯಾಳನ್ನು ಕರೆಸಿದರು. ಸಪೂರ ಹುಡುಗಿ. ತಲೆಯ ಮೇಲಿನ ಬಿಳಿ ಬಟ್ಟೆಯನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುತ್ತ ಬಾಗಿಲ ಬಳಿ ನಿಂತಳು. ಮನೆಯಲ್ಲಿ ಬ್ಯಾರಿ ಮಾತು, ಗೆಳತಿಯರ ಜೊತೆ ತುಳು. ಕನ್ನಡವನ್ನು ಪಾಠ ಓದುವ ಹಾಗೆ ಒಂದೊಂದೇ ಪದವಾಗಿ ಆಡುತ್ತಿದ್ದಳು.

"ವೆಬ್‌ಸೈಟ್ ಮಾಡಿದವಳು ನಾನು," ಎಂದೆ. "ಆ ಬುಧವಾರ ನೀನು ಸೊನ್ನೆ ಯಾಕೆ ಹಾಕಿದ್ದು?"

ಅವಳು ಟೀಚರನ್ನು ನೋಡಿದಳು. ಟೀಚರ್ ತಲೆಯಾಡಿಸಿದರು.

"ಆ ದಿನ ಮೋಡ ಇತ್ತು. ಬೆಳಿಗ್ಗೆಯಿಂದ ಬಿಸಿಲು ಬರಲೇ ಇಲ್ಲ. ನಾನು ಒಂದು ಗಂಟೆಯವರೆಗೆ ನಿಂತೆ. ನೆರಳು ಇರಲಿಲ್ಲ."

"ಖಾಲಿ ಬಿಡಬಹುದಿತ್ತಲ್ಲ?"

"ಬಿಟ್ಟರೆ ಹೋಗುವುದಿಲ್ಲ ಟೀಚರ್. ಕೆಂಪು ಬರುತ್ತದೆ." ತಲೆಯ ಬಟ್ಟೆ ಸರಿಮಾಡಿಕೊಂಡು ಸೇರಿಸಿದಳು. "ಸೊನ್ನೆ ಬಿಟ್ಟು ಬೇರೆ ಏನು ಹಾಕಿದರೂ ಸುಳ್ಳಾಗುತ್ತದೆ. ಅದಕ್ಕೆ ಸೊನ್ನೆ ಹಾಕಿದೆ."

ನನಗೆ ಆ ಬುಧವಾರ ನೆನಪಾಯಿತು. ಯಾವುದೋ ವಾಯುಭಾರ ಕುಸಿತದಿಂದ ಅಕಾಲದ ಮೋಡ ಕವಿದು, ಮುದ್ರಣಾಲಯದ ತಾರಸಿಯಲ್ಲಿ ಹರವಿದ್ದ ಕಾಗದಗಳ ಶಾಯಿ ಒಣಗದೆ, ಎಲ್ಲವನ್ನೂ ಒಳಗೆ ತಂದು ಫ್ಯಾನಿನ ಕೆಳಗೆ ಹಾಸಿದ್ದೆವು. ಇಡೀ ದಿನ ದೀಪ ಹಾಕಿಕೊಂಡೇ ಕೆಲಸ ಮಾಡಿದ್ದೆ. ಆ ದೀಪದ ಬೆಳಕಿನಲ್ಲಿ ಕೂತು, ಕಿಟಕಿಯಾಚೆ ಒಮ್ಮೆಯೂ ಕಣ್ಣು ಹಾಯಿಸದೆ, ನೆರಳಿಲ್ಲ ಎಂದು ಬರೆದವಳ ಹೆಸರನ್ನು ಕೆಂಪಿನಲ್ಲಿ ಹಾಕಿದ್ದೆ.

ಫೋನ್ ತೆಗೆದು ಆ ದಿನದ ಪಟ್ಟಿ ನೋಡಿದೆ. ಎಂಟು ಶಾಲೆಗಳು, ಎಂಟು ಅಂಕಿಗಳು, ಎಲ್ಲವೂ ನುಣುಪು. ಮಾಸ್ಟ್ರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ಕನ್ನಡಕ ತೆಗೆದರು.

"ಪುಂಜಾಲಕಟ್ಟೆಯಲ್ಲಿ ಸಹ ಮೋಡ ಇತ್ತು," ಎಂದರು. ಕನ್ನಡಕವನ್ನು ಜೇಬಿಗೆ ಹಾಕಿಕೊಳ್ಳುತ್ತ, "ಈ ಮಗು ಒಬ್ಬಳೇ ಅಳೆದದ್ದು."

ನಾನು ಮಿಸ್ರಿಯಾಳ ಮುಂದೆ ತಪ್ಪಾಯಿತು ಎಂದೆ. ದೊಡ್ಡವರು ಹಾಗೆ ಹೇಳುವುದನ್ನು ಕೇಳಿ ಅಭ್ಯಾಸವಿಲ್ಲದೆ ಅವಳಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ನಿನ್ನ ಸೊನ್ನೆಯನ್ನು ವಾಪಸು ಹಾಕುತ್ತೇನೆ ಎಂದಾಗ ಮಾತ್ರ ತಲೆ ಎತ್ತಿದಳು.

"ಸೊನ್ನೆ ಬೇಡ ಟೀಚರ್."

"ಯಾಕೆ?"

"ಸೊನ್ನೆ ಅಂದರೆ ನೆರಳು ಕೋಲಿನ ಅಡಿಗೆ ಹೋದದ್ದು. ಅದು ಏಪ್ರಿಲಿನಲ್ಲಿ ಅಂತ ಹೇಳಿದ್ದಾರೆ. ಆ ದಿನ ಹಾಗೆ ಅಲ್ಲ, ಕಾಣಲಿಲ್ಲ ಅಷ್ಟೆ. ಕಾಣಲಿಲ್ಲ ಅಂತ ಬರೆಯಲು ಆಗುತ್ತದಾ?"

ಆಗುತ್ತಿರಲಿಲ್ಲ. ನಾನು ಮಾಡಿದ ಫಾರ್ಮಿನಲ್ಲಿ ಕಾಣಲಿಲ್ಲ ಎಂದು ಹೇಳಲು ಯಾರಿಗೂ ಜಾಗವಿರಲಿಲ್ಲ.

ಮರುದಿನ, ಭಾನುವಾರ, ಪುಂಜಾಲಕಟ್ಟೆಯಲ್ಲಿ, ಮಾಸ್ಟ್ರ ಮನೆಯ ಚಾವಡಿಯಲ್ಲಿ ಒಂಬತ್ತೂ ಶಾಲೆಗಳ ಟೀಚರುಗಳು ಸೇರಿದರು. ಮಾಸ್ಟ್ರು ಯಾರನ್ನೂ ಬೆರಳು ಮಾಡಿ ತೋರಿಸಲಿಲ್ಲ. "ಆ ಬುಧವಾರ ಯಾರಿಗೆಲ್ಲ ಬಿಸಿಲು ಸಿಕ್ಕಿತ್ತು?" ಎಂದು ಮಾತ್ರ ಕೇಳಿದರು. ಒಳಗಿನಿಂದ ಒಗ್ಗರಣೆಯ ಸದ್ದು ಬಂತು. ಕೊನೆಗೆ ಬಂಟ್ವಾಳದ ಕಡೆಯ ದಿವಾಕರ ಮಾಸ್ಟ್ರು ಗಂಟಲು ಸರಿಮಾಡಿಕೊಂಡರು. ಲವಲವಿಕೆಯ ಮನುಷ್ಯ, ಅವರ ಶಾಲೆಯ ಗೆರೆ ಎಲ್ಲರಿಗಿಂತ ನೇರವಾಗಿತ್ತು.

"ಹಿಂದಿನ ವಾರದ್ದರಿಂದ ಐದು ಸೆಂಟಿಮೀಟರ್ ಕಳೆದು ಹಾಕಿದೆ," ಎಂದರು. "ಮಕ್ಕಳು ಕೇಳಿದರು, ಸರ್, ಅಳೆಯದೆ ಹೇಗೆ ಗೊತ್ತಾಯ್ತು ಅಂತ. ನಾನು, ಅದೆಲ್ಲ ಲೆಕ್ಕದಲ್ಲಿ ಸಿಗ್ತದೆ ಅಂದೆ. ಎಂತ ಮಾಡುದು, ಫಾರ್ಮ್ ಖಾಲಿ ಬಿಡ್ಲಿಕ್ಕೆ ಬಿಡುದಿಲ್ಲ ಅಲ್ವಾ?"

ಒಬ್ಬೊಬ್ಬರೇ ಒಪ್ಪಿಕೊಂಡರು. ಒಬ್ಬರು ಕ್ರೀಡೋತ್ಸವದ ವಾರವನ್ನೂ ಹಾಗೆಯೇ ತುಂಬಿಸಿದ್ದರು. ನಾನು ಮೂಲೆಯಲ್ಲಿ ಕೂತು ಕೇಳುತ್ತಿದ್ದೆ. ಇವರು ಯಾರೂ ಸುಳ್ಳುಗಾರರಲ್ಲ. ಎಲ್ಲರೂ ನನ್ನ ಕೆಂಪು ಅಕ್ಷರಕ್ಕೆ ಹೆದರಿ ಏನಾದರೊಂದು ಅಂಕಿ ಕೊಟ್ಟವರು. ಒಬ್ಬ ಹುಡುಗಿ ಹೆದರಲಿಲ್ಲ, ಅವಳನ್ನು ನಾನು ಅಳಿಸಿದೆ. ನನ್ನ ಸರದಿ ಬಂದಾಗ ಇದನ್ನೇ ಹೇಳಿದೆ. ದಿವಾಕರ ಮಾಸ್ಟ್ರು, "ಆಯ್ತು, ಇನ್ನು ಸರಿ ಮಾಡುವ," ಎಂದು ಅವಲಕ್ಕಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು.

ಅಂದಾಜಿನ ಅಂಕಿಗಳನ್ನೆಲ್ಲ ಅವರವರೇ ತೆಗೆದರು. ಒಂಬತ್ತು ಗೆರೆಗಳು ಅಲ್ಲಲ್ಲಿ ತುಂಡಾದವು. ನಾನು ಕೆಂಪು ಸಾಲನ್ನು ತೆಗೆದು ಅದೇ ಜಾಗದಲ್ಲಿ, ಕೊಕ್ಕಡದ ಮಿಸ್ರಿಯಾ ಬರೆದದ್ದು ಸರಿಯಾಗಿತ್ತೆಂದೂ ಅಳಿಸಿದ್ದು ನನ್ನ ತಪ್ಪೆಂದೂ ನನ್ನ ಹೆಸರು ಹಾಕಿ ಬರೆದೆ. ಫಾರ್ಮಿನಲ್ಲಿ ನೆರಳಿನ ಉದ್ದದ ಜಾಗವನ್ನು ಖಾಲಿ ಬಿಡಲು ಬಿಟ್ಟೆ. ಅದರ ಕೆಳಗೆ ಒಂದು ಚೌಕ ಸೇರಿಸಿದೆ: 'ಏನು ಕಂಡಿರಿ?'

ನಾನು ಅಂದುಕೊಂಡದ್ದು 'ಮೋಡ', 'ಮಳೆ', 'ರಜೆ' ಎಂಬ ಒಂದೆರಡು ಪದಗಳು. ಬಂದದ್ದು ಬೇರೆಯೇ. 'ಕೋಲಿನ ಮೇಲೆ ಮಡಿವಾಳ ಹಕ್ಕಿ ಕುಳಿತಿತ್ತು, ಅದರ ನೆರಳನ್ನು ಸೇರಿಸಲಿಲ್ಲ.' 'ಅಳತೆಪಟ್ಟಿ ಸಿಗಲಿಲ್ಲ, ಗೇಣಿನಲ್ಲಿ ಅಳೆದೆವು, ಎರಡು ಗೇಣಿಗೆ ಸ್ವಲ್ಪ ಕಡಿಮೆ, ಗೇಣು ಭವ್ಯಾಳದ್ದು.' 'ಇವತ್ತು ಪಾಯಸ ಇತ್ತು, ಅದಕ್ಕೆ ಹತ್ತು ನಿಮಿಷ ತಡ.' ಕಲ್ಲಡ್ಕದ ಹತ್ತಿರದಿಂದ, 'ಲಾರಿ ಹೋದಾಗ ಧೂಳು ಎದ್ದು ನೆರಳು ನಡುಗಿತು.' ನಡುನಡುವೆ ತುಳು ಪದಗಳು, ಕಾಗುಣಿತದ ತಪ್ಪುಗಳು. ಮುದ್ರಣಾಲಯದ ಅಭ್ಯಾಸದಲ್ಲಿ ಮೊದಲ ದಿನ ಎರಡನ್ನು ತಿದ್ದಿದೆ. ಆಮೇಲೆ ಕೈ ಹಿಂದೆಗೆದುಕೊಂಡೆ. ಗೇಣು ಭವ್ಯಾಳದ್ದಾದರೆ ಮಾತೂ ಭವ್ಯಾಳದ್ದೇ ಇರಲಿ ಎನಿಸಿತು.

ಫೆಬ್ರವರಿಯ ಕೊನೆಯ ಬುಧವಾರ ಸಂಜೆಗೆ ಕೊಕ್ಕಡದ ಸಾಲು ಬಂತು. ಉದ್ದ ನಲವತ್ತೊಂದು. ಏನು ಕಂಡಿರಿ ಎಂಬಲ್ಲಿ, 'ಬಿಸಿಲು ಇತ್ತು. ಅಳೆದೆ. ಮಿಸ್ರಿಯಾ.' ನಾನು ಅದನ್ನು ಎಷ್ಟು ಸಲ ಓದಿದೆನೋ ತಿಳಿಯದು.

ಮಾರ್ಚ್ ಬಂತು. ಬಾವಿಗಳು ಇಳಿದವು, ನೆರಳುಗಳೂ ಇಳಿದವು. ಮೂವತ್ತಾರು, ಮೂವತ್ತೊಂದು, ಇಪ್ಪತ್ತಾರು. ಮುದ್ರಣಾಲಯಕ್ಕೆ ನಡೆದು ಹೋಗುವಾಗ ಬಸದಿಗಳ ಕಲ್ಲಿನ ಗೋಡೆಗಳು ಬಿಸಿಯುಸಿರು ಬಿಡುತ್ತಿದ್ದವು. ಎಲ್ಲರ ನೆರಳೂ ಅವರವರ ಪಾದದ ಕಡೆಗೆ ಹಿಂದಿರುಗುತ್ತಿದೆ, ಅದು ನಮಗೆ ಒಂಬತ್ತು ಶಾಲೆಯವರಿಗೆ ಮಾತ್ರ ಗೊತ್ತಿರುವ ಗುಟ್ಟು ಎಂಬಂತೆ ರಸ್ತೆಯಲ್ಲಿ ನಡೆಯುತ್ತಿದ್ದೆ. ಗಾಳಿಯಲ್ಲಿ ಗೇರುಹಣ್ಣಿನ ವಾಸನೆ ಸೇರಿಕೊಂಡಿತು.

ಏಪ್ರಿಲ್ ಎರಡನೆಯ ವಾರ ಶಾಲೆಗಳಿಗೆ ರಜೆ ಕೊಟ್ಟರು. ನೆರಳಿಲ್ಲದ ದಿನಕ್ಕೆ ಇನ್ನೂ ಎರಡು ವಾರ ಇತ್ತು. ನಾನು ಇದನ್ನು ಯೋಚಿಸಿರಲಿಲ್ಲ. ಮಕ್ಕಳು ಅಜ್ಜಿಮನೆಗೆ, ಟೀಚರುಗಳು ಬೇರೆ ಕೆಲಸಗಳಿಗೆ. ಕೀಲಿ ಹಾಕಿದ ಗೇಟುಗಳ ಒಳಗೆ ಒಂಬತ್ತು ಕೋಲುಗಳು ಮಾತ್ರ. "ಮಕ್ಕಳು ಎಲ್ಲಿ ಇರ್ತಾರೋ ಅಲ್ಲಿಂದಲೇ ನೋಡ್ಲಿ," ಎಂದರು ಮಾಸ್ಟ್ರು. 'ಶಾಲೆಯ ಹೆಸರು' ಇದ್ದ ಜಾಗದಲ್ಲಿ 'ಊರಿನ ಹೆಸರು' ಎಂದು ಮಾಡಿದೆ. ಇಂಟರ್ನೆಟ್ ಇಲ್ಲದವರು ಆ ದಿನ ಜೆಸಿಂತಾ ಟೀಚರಿಗೆ ಫೋನ್ ಮಾಡಿ ಹೇಳಬಹುದು, ನಾವು ಬರೆದುಕೊಳ್ಳುವುದು ಎಂದಾಯಿತು. ಎಲ್ಲಿ ಕೂತು ಬರೆಯುವುದು ಎಂಬ ಪ್ರಶ್ನೆಗೆ, "ಮಿಸ್ರಿಯಾಳ ಮನೆ ಎತ್ತರದಲ್ಲಿ ಉಂಟು, ಅಲ್ಲಿ ಸಿಗ್ನಲ್ ಸಿಗ್ತದೆ," ಎಂದರು ಟೀಚರ್.

ಹಾಗೆ ಆ ದಿನ ಬೆಳಿಗ್ಗೆ ನಾನು ಮತ್ತು ಟೀಚರ್ ಅವಳ ಮನೆಗೆ ಹೋದೆವು. ಅವಳ ಅಪ್ಪ ತೋಟವೊಂದರಲ್ಲಿ ರಬ್ಬರ್ ಹಾಲು ತೆಗೆಯುವವರು. ಅಂಗಳದ ತಂತಿಯಲ್ಲಿ ರಬ್ಬರ್ ಶೀಟುಗಳು ಬಟ್ಟೆಯಂತೆ ನೇತಾಡುತ್ತಿದ್ದವು, ಅವುಗಳ ಹುಳಿ ವಾಸನೆ ಸುತ್ತ ಹರಡಿತ್ತು. ಅವಳ ತಾಯಿ ಲಿಂಬೆ ಶರಬತ್ತು ತಂದು ಕೊಟ್ಟು, ಕುರ್ಚಿ ಸಾಲದೆಂದು ಚಾಪೆ ಹಾಸಿದರು. ಮಿಸ್ರಿಯಾ ಅಂಗಳದ ನಡುವೆ ಕೋಲು ನಿಲ್ಲಿಸಿದ್ದಳು. ಸುತ್ತ ನೆಲವನ್ನು ಸೆಗಣಿ ಹಾಕಿ ಸಾರಿಸಿ ನುಣುಪು ಮಾಡಿದ್ದಳು. ದಾರದ ತುದಿಗೆ ಕಲ್ಲು ಕಟ್ಟಿ ಕೋಲು ನೆಟ್ಟಗಿದೆಯೇ ಎಂದು ನನ್ನೆದುರೇ ಎರಡು ಸಲ ನೋಡಿದಳು.

ಹನ್ನೊಂದು ಗಂಟೆಗೆ ಬಿಸಿಲು ಇತ್ತು. ಹನ್ನೆರಡಕ್ಕೆ ಘಟ್ಟದ ಕಡೆಯಿಂದ ಮೋಡ ಎದ್ದಿತು. ಹನ್ನೆರಡೂ ಕಾಲಿಗೆ ಅದು ನಮ್ಮ ತಲೆಯ ಮೇಲೆ ಬಂದು ನಿಂತಿತು. ಬೇಸಗೆಯ ಆ ಮೋಡಗಳು ಹಾಗೆಯೇ, ಮಳೆಯನ್ನೂ ತರುವುದಿಲ್ಲ, ದಾರಿಯನ್ನೂ ಬಿಡುವುದಿಲ್ಲ. ಅಂಗಳ ಮಂಕಾಯಿತು. ಕೋಲು ಬರಿಯ ಕೋಲಾಗಿ ನಿಂತಿತು.

"ಸರೀತದೆ, ಈಗ ಸರೀತದೆ," ಎಂದರು ಟೀಚರ್.

ಹನ್ನೆರಡು ಇಪ್ಪತ್ತೈದಕ್ಕೆ ಟೀಚರ ಫೋನ್ ರಿಂಗಾಯಿತು. ಕಲ್ಲಡ್ಕದ ಹತ್ತಿರದ ಒಬ್ಬ ಹುಡುಗಿ. ಅಲ್ಲಿ ಒಳ್ಳೆಯ ಬಿಸಿಲು. ಟೀಚರ್ ಫೋನನ್ನು ಸ್ಪೀಕರಿಗೆ ಹಾಕಿದರು. "ಟೀಚರ್, ಚೆಂಬಿನ ನೆರಳು ಇಲ್ಲ. ಚೆಂಬು ಹಾರಿದ ಹಾಗೆ ಕಾಣ್ತದೆ."

ನನ್ನ ಲ್ಯಾಪ್‌ಟಾಪ್ ಚಾಪೆಯ ಮೇಲಿತ್ತು. ನಾನು ಕೈ ಚಾಚುವ ಮೊದಲೇ ಮಿಸ್ರಿಯಾ ಬಂದು ಅದರ ಮುಂದೆ ಕೂತಳು. "ನಾನು ಹಾಕುತ್ತೇನೆ," ಎಂದಳು. ಊರಿನ ಹೆಸರು. ದಿನಾಂಕ. ಉದ್ದ, ಸೊನ್ನೆ. ಏನು ಕಂಡಿರಿ ಎಂಬಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು: ಚೆಂಬು ಹಾರಿದ ಹಾಗೆ ಕಾಣುತ್ತದೆ.

ಮತ್ತೆ ಫೋನ್. ಮತ್ತೆ ಮತ್ತೆ ಫೋನ್. ವೇಣೂರಿನ ಕಡೆಯಿಂದ ಅಣ್ಣ ತಂಗಿ ಇಬ್ಬರೂ ಒಟ್ಟಿಗೆ ಮಾತಾಡಿದರು. ಸೈಕಲಿನ ನೆರಳು ಸೈಕಲಿನ ಅಡಿಯಲ್ಲಿ ಒಂದೇ ಗೆರೆಯಾಗಿದೆಯಂತೆ. ಒಬ್ಬಳು ತನ್ನ ಅಜ್ಜಿಯನ್ನು ಬಿಸಿಲಲ್ಲಿ ನಿಲ್ಲಿಸಿ ಸುತ್ತು ಬಂದು ನೋಡಿದ್ದಳು. ದಿವಾಕರ ಮಾಸ್ಟ್ರು ತಾವೇ ಕರೆ ಮಾಡಿ, "ಬರ್ಕೊಳ್ಳಿ, ಅಳೆದೇ ಹೇಳುದು," ಎಂದರು. ಮಿಸ್ರಿಯಾಳ ಬೆರಳುಗಳು ವೇಗವಾಗುತ್ತ ಬಂದವು. ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. ಅವಳ ತಾಯಿ ಬಾಗಿಲಿಗೆ ಒರಗಿ ನಿಂತು, ಒಮ್ಮೆ ಮಗಳನ್ನು, ಒಮ್ಮೆ ಆಕಾಶವನ್ನು ನೋಡುತ್ತಿದ್ದರು.

ಕೊನೆಯ ಕರೆ ನಾರಾಯಣ ಮಾಸ್ಟ್ರದ್ದು. ಪುಂಜಾಲಕಟ್ಟೆಯ ತಮ್ಮ ಮನೆಯ ತಾರಸಿಯ ಮೇಲಿದ್ದರು. ಉಸಿರು ಜೋರಾಗಿ ಕೇಳಿಸುತ್ತಿತ್ತು.

"ಯಾರು ಬರೆಯುದು?"

"ನಾನು ಸರ್, ಮಿಸ್ರಿಯಾ."

"ಹಾಂ, ನೀನಾ. ಬರಿ ಮಗಾ. ಮೂವತ್ತಮೂರು ವರ್ಷ ಈ ಪಾಠ ಮಾಡಿದ್ದೇನೆ. ಬೋರ್ಡಿನಲ್ಲಿ ಚಿತ್ರ ಬಿಡಿಸಿ ತೋರಿಸಿದ್ದೇನೆ. ಪ್ರತಿ ವರ್ಷ ಈ ದಿನ ರಜೆಯಲ್ಲಿ ಬರ್ತದೆ. ಕಣ್ಣಿನಲ್ಲಿ ನೋಡಿದ್ದು ಇವತ್ತೇ." ಆಮೇಲೆ ಕೇಳಿದರು. "ನಿನ್ನಲ್ಲಿ ಹೇಗೆ ಉಂಟು?"

ಅವಳು ಅಂಗಳದ ಕಡೆ ತಿರುಗಿದಳು.

"ಮೋಡ ಸರ್."

"ಹೌದಾ," ಎಂದರು ಮಾಸ್ಟ್ರು. "ಹಾಗಾದ್ರೆ ನನ್ನದನ್ನು ಸರಿಯಾಗಿ ಕೇಳು. ಇಲ್ಲಿ ನನ್ನ ಚಪ್ಪಲಿಯ ಅಂಚಿನ ಹೊರಗೆ ಸ್ವಲ್ಪವೂ ಕಪ್ಪು ಇಲ್ಲ. ಕೈ ಚಾಚಿದ್ರೆ ಕೈಯದ್ದು ಮಾತ್ರ ಕೆಳಗೆ ಬೀಳ್ತದೆ, ನೀರಿನಲ್ಲಿ ಎಲೆ ಇದ್ದ ಹಾಗೆ. ನಾನು ನಿಂತದ್ದು ಹೌದಾ ಅಂತ ನನಗೇ ಸಂಶಯ ಬರ್ತದೆ." ಅವರು ಹೀಗೆ ಐದು ನಿಮಿಷ ಹೇಳುತ್ತಲೇ ಹೋದರು. ಅವಳು ಬರೆಯುವುದನ್ನು ಬಿಟ್ಟು, ಕಣ್ಣು ಮುಚ್ಚಿಕೊಂಡು ಕೇಳಿದಳು.

ಒಂದು ಗಂಟೆ ಹತ್ತು ನಿಮಿಷಕ್ಕೆ ಮೋಡ ಸರಿಯಿತು. ಹೊತ್ತು ಮೀರಿತ್ತು. ಕೋಲಿನ ಬುಡದಿಂದ ನೆರಳು ಪೂರ್ವಕ್ಕೆ ಚಾಚಿಕೊಂಡಿತ್ತು. ಮಿಸ್ರಿಯಾ ಎದ್ದು ಹೋಗಿ ಅದನ್ನೂ ಅಳೆದಳು. ಹತ್ತೊಂಬತ್ತು ಎಂದು ಬಂದು ಬರೆದಳು, ಪಕ್ಕದಲ್ಲಿ ಸಮಯ ಹಾಕಿದಳು. ಮೇಲೆ, ಹನ್ನೆರಡೂವರೆಗೆ: ಕಾಣಲಿಲ್ಲ. ಆಮೇಲೆ ಮನೆಯ ಹಿಂದಕ್ಕೆ ಹೋದಳು. ಬಹಳ ಹೊತ್ತು ಬರಲಿಲ್ಲ. ನಾವು ಊಟ ಮಾಡಿಯೇ ಹೋಗಬೇಕೆಂದು ಅವಳ ತಾಯಿ ಪಟ್ಟು ಹಿಡಿದರು. ಬಡಿಸಲು ಬಂದಾಗ ಮಿಸ್ರಿಯಾಳ ಕಣ್ಣು ಕೆಂಪಗಿತ್ತು. ನಾವು ನೋಡಿಯೂ ನೋಡದಂತೆ ಇದ್ದೆವು.

ಅಲ್ಲಿಗೆ ಕೆಲಸ ಮುಗಿದಿತ್ತು. ಫಾರ್ಮನ್ನು ಮುಚ್ಚಿ, ಬಂದ ಮಾತುಗಳನ್ನೆಲ್ಲ ಒಂದು ಕಡೆ ಸೇರಿಸುವುದೆಂದು ಮಾಸ್ಟ್ರ ಜೊತೆ ಮಾತಾಗಿತ್ತು. ಮದುವೆಗಳ ಕಾಲ, ಮುದ್ರಣಾಲಯದಲ್ಲಿ ಉಸಿರಾಡಲು ಪುರುಸೊತ್ತಿರಲಿಲ್ಲ. ಮುಚ್ಚುವುದು ಉಳಿದುಹೋಯಿತು.

ಮೇ ತಿಂಗಳ ಮೊದಲ ಬುಧವಾರ ಫಾರ್ಮಿನಲ್ಲಿ ಒಂದು ಸಾಲು ಬಂದಿತ್ತು. ಬೇರೆ ಯಾವ ಊರಿನಿಂದಲೂ ಇಲ್ಲ, ಕೊಕ್ಕಡದಿಂದ ಮಾತ್ರ. ಉದ್ದ, ಐದೂವರೆ. ಅದರ ಕೆಳಗೆ: 'ಇಷ್ಟು ದಿನ ನೆರಳು ಬಾವಿಯ ಕಡೆಗೆ ಬೀಳುತ್ತಿತ್ತು. ಈಗ ಕೋಲು ದಾಟಿ ರಸ್ತೆಯ ಕಡೆಗೆ ಬಂದಿದೆ. ಪ್ರತಿದಿನ ಸ್ವಲ್ಪ ಬೆಳೆಯುತ್ತಿದೆ. ಕಡೆ ಬದಲಾದರೆ ಎಲ್ಲಿ ಬರೆಯುವುದು?'

ನಾನು ಪರದೆಯನ್ನೇ ನೋಡುತ್ತ ಕೂತೆ. ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋದರೆ ನೆರಳು ದಕ್ಷಿಣಕ್ಕೆ ತಿರುಗಲೇಬೇಕು. ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಸೊನ್ನೆಗೆ ಎಲ್ಲವೂ ಮುಗಿಯುತ್ತದೆ ಎಂದುಕೊಂಡು ನಾನು ಗೆರೆಯನ್ನು ಅಲ್ಲಿಗೇ ನಿಲ್ಲಿಸಿದ್ದೆ. ಆ ದಿನವನ್ನು ಕಾಣದೆ ಹೋದವಳು ಮಾತ್ರ ಮರುದಿನವೂ, ಅದರ ಮರುದಿನವೂ ಅಂಗಳಕ್ಕೆ ಹೋಗಿದ್ದಳು.

ಮಾಸ್ಟ್ರಿಗೆ ಹೇಳಬೇಕೆಂದು ಫೋನ್ ಎತ್ತಿದಾಗ ಇನ್ನೊಂದು ಸಂಗತಿ ಮನಸ್ಸಿಗೆ ಬಂತು. ಡಿಸೆಂಬರಿನಿಂದ ಇಲ್ಲಿಯವರೆಗೆ, ಅಷ್ಟು ಬಿಂದುಗಳು, ಅಷ್ಟು ಗೆರೆಗಳು ನನ್ನ ಕೈಯಿಂದ ದಾಟಿದ್ದವು. ನಾನು ಒಮ್ಮೆಯೂ ಒಂದು ನೆರಳನ್ನು ಅಳೆದಿರಲಿಲ್ಲ.

ಮರುದಿನ ಹನ್ನೆರಡೂ ಕಾಲಿಗೆ ಮೀಟರ್ ಕೋಲು, ಅಳತೆಪಟ್ಟಿ ಹಿಡಿದುಕೊಂಡು ಮುದ್ರಣಾಲಯದ ತಾರಸಿಗೆ ಹೋದೆ. ಕಾಲು ಸುಡುತ್ತಿತ್ತು. ಕೋಲನ್ನು ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ಎರಡು ಸಲ ನೋಡಿದೆ. ಕೆಳಗೆ ರಸ್ತೆಯಲ್ಲಿ ಜನ ತಮ್ಮ ನೆರಳಿನ ಪುಟ್ಟ ತುಂಡುಗಳ ಮೇಲೆ ಕಾಲಿಡುತ್ತ ಹೋಗುತ್ತಿದ್ದರು. ಮೊಣಕಾಲೂರಿ ಬಗ್ಗಿದೆ. ದಕ್ಷಿಣದ ಕಡೆಗೆ, ಕಿರು ನಾಲಿಗೆಯಂತೆ, ನೆರಳು ಇತ್ತು. ಅದು ಅಲುಗುತ್ತದೆಂದು, ಕಣ್ಣೆದುರೇ ಅಲುಗುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅತಿ ಗಿಡ್ಡವಾಗುವವರೆಗೆ ಕಾದು ಅಳೆದೆ. ಕೆಳಗಿಳಿದು ಫಾರ್ಮ್ ತೆರೆದೆ.

ಊರಿನ ಹೆಸರು, ಮೂಡುಬಿದಿರೆ. ಅಳೆದವರು, ಶಶಿಕಲಾ. ಉದ್ದ, ಆರಕ್ಕೆ ಸ್ವಲ್ಪ ಕಡಿಮೆ. ಏನು ಕಂಡಿರಿ ಎಂಬಲ್ಲಿ ಬರೆದೆ: ಇಲ್ಲಿಯೂ ದಾಟಿದೆ.